ನೀಲ್ದಾಳ ತಲೆಗೆ ಕಟ್ಟಿದ ಬುರುಡೆ

ಮೊಂತೆವಿದೇವೋದ ರೆಯುಸ್ ಬಡಾವಣೆಯಲ್ಲಿ ನೀಲ್ದಾಳಷ್ಟು ಸೊಗಸಾಗಿ ಬುರುಡೆ ಬಿಡುವವರು ಬೇರೆ ಯಾರೂ ಇರಲಿಲ್ಲ. ಹನ್ನೊಂದು ವರ್ಷದ ಹುಡುಗಿ. ಅವಳ ಸೋದರಮಾವ ತಿಮಿಂಗಿಲದ ಕೊರಳಿಗೆ ಕುಣಿಕೆ ಎಸೆದು ದಡಕ್ಕೆಳೆದು, ಅದರ ಬಾಯೊಳಗೆ ಕುರ್ಚಿ ಹಾಕಿಕೊಂಡು ಭಾನುವಾರದ ಊಟ ಮುಗಿಸಿ ಬಂದಿದ್ದ. ಅವಳ ಅಜ್ಜಿಗೆ ಮೂರು ಸಲ ಸಿಡಿಲು ಹೊಡೆದಿತ್ತು, ಮೂರನೆಯ ಸಲಕ್ಕೆ ಹಲ್ಲುನೋವು ವಾಸಿಯಾಗಿತ್ತು. ಎರಡು ಮನೆಗಳ ತಾರಸಿಯ ನಡುವೆ ಒಂದು ಮೋಟುಗೋಡೆ. ಅದರ ಆ ಕಡೆ ನೀಲ್ದಾ, ಈ ಕಡೆ ಪಕ್ಕದ ಮನೆಯ, ಅವಳದೇ ವಯಸ್ಸಿನ ಬ್ಲೂಮಾ. ಕೇಳುವವಳಿಗೆ ಸುಳ್ಳೆಂದು ಗೊತ್ತಿತ್ತು. ಹೇಳುವವಳಿಗೂ ಅವಳಿಗೆ ಗೊತ್ತೆಂಬುದು ಗೊತ್ತಿತ್ತು.

"ಸುಳ್ಳೀ!" ಎಂದು ಬ್ಲೂಮಾ ನಕ್ಕರೆ, "ನಿಜ ಬೇಕಿದ್ರೆ ಹೋಗಿ ಪೇಪರ್ ಓದ್ಕೋ" ಎನ್ನುತ್ತಿದ್ದಳು ನೀಲ್ದಾ.

ಆ ದೇಶದಲ್ಲಿ ಆಗಸ್ಟ್ ಎಂದರೆ ಚಳಿಗಾಲ. ಆ ವರ್ಷದ ಆಗಸ್ಟಿನಲ್ಲಿ ಬ್ಲೂಮಾಳ ಮನೆಯಲ್ಲಿ ನಗು ನಿಂತುಹೋಯಿತು.

ಅವಳ ಅಪ್ಪ ಲೇಝರ್ ಅಂಗಡಿಗಳಿಗೆ ಪ್ಯಾಂಟು ಹೊಲಿದು ಕೊಡುತ್ತಿದ್ದ. ಬೀದಿಯ ಕಡೆಯ ಕೋಣೆಯಲ್ಲಿ ಅವನ ಮಿಷನ್. ಅಮ್ಮ ಮಾಲ್ಕಾ ಅಡುಗೆಯ ನಡುವೆ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಲೇಝರನ ತಾಯಿ ಎಟ್ಕಾ. ಬ್ಲೂಮಾಗೆ ಅವಳು ಬೋಬೆ, ಅಂದರೆ ಅಜ್ಜಿ. ಬ್ಲೂಮಾ ಹುಟ್ಟಿದ ವರ್ಷವೇ ಬೋಬೆ ಪೋಲೆಂಡಿನ ಗ್ರೋದ್ನೊ ಊರಿಂದ ಹಡಗು ಹತ್ತಿ ಬಂದಿದ್ದಳು. ಚಿಕ್ಕಮಗ ಹೆರ್ಶ್ ಅಲ್ಲೇ ಉಳಿದಿದ್ದ. ಆಮೇಲೆ ಯುದ್ಧ ಬಂತು, ಹೋಯಿತು. ಹೆರ್ಶನ ಸುದ್ದಿ ಮಾತ್ರ ಬರಲಿಲ್ಲ.

ಬಂಧುಗಳನ್ನು ಹುಡುಕಿಕೊಡುವ ಸಂಘದಿಂದ ಬಂದ ಕಾಗದವನ್ನು ಲೇಝರ್ ಊಟದ ಮೇಜಿನ ಮೇಲಿಟ್ಟ.

"ಅಮ್ಮಾ, ಯುದ್ಧ ಮುಗಿದು ನಾಲ್ಕು ವರ್ಷ ಆಯ್ತು. ಬದುಕಿರೋರ ಪಟ್ಟೀಲಿ ಹೆರ್ಶ್ ಇಲ್ಲ."

"ಸತ್ತೋರ ಪಟ್ಟೀಲಿದ್ದಾನಾ?"

"ಅದರಲ್ಲೂ ಇಲ್ಲ."

"ಮತ್ತೇನು ನಿಂದು?"

"ಅಲ್ಲಿ ಸತ್ತೋರನ್ನ ಯಾರು ಬರೆದಿಟ್ಟಿದ್ದಾರೆ ಅಮ್ಮಾ? ಈ ಸಲ ಉಪವಾಸದ ದಿನ ಅವನಿಗೆ ದೀಪ ಹಚ್ಚೋಣ. ನಾನು ಕಾಡಿಶ್ ಹೇಳ್ತೀನಿ."

ಕಾಡಿಶ್ ಎಂದರೆ ಯಹೂದಿಗಳಲ್ಲಿ ಸತ್ತವರಿಗಾಗಿ ಮನೆಯ ಗಂಡಸು ಹೇಳುವ ಪ್ರಾರ್ಥನೆ. ಬೋಬೆ ಚಮಚ ಕೆಳಗಿಟ್ಟಳು.

"ಬದುಕಿರೋ ತಮ್ಮನಿಗೆ ಕಾಡಿಶ್ ಹೇಳೋ ಅಣ್ಣನ್ನ ಇವತ್ತೇ ನೋಡಿದ್ದು ನಾನು. ಅವತ್ತು ಏನಂತ ಕಾಗದ ಬರೆದಿದ್ದೆ, ನೆನಪಿದೆಯಾ? 'ಮೊದಲು ಅಮ್ಮ ಬರಲಿ, ಮುಂದಿನ ವರ್ಷ ತಮ್ಮ.' ಆ ಮುಂದಿನ ವರ್ಷ ಇನ್ನೂ ಬಂದಿಲ್ಲ ಕಣೋ ಲೇಝರ್."

ಲೇಝರ್ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಎದ್ದುಹೋದ. ಮಿಷನ್ ಓಡುವ ಸದ್ದು ಕೇಳಿಸಿತು. ಬೋಬೆಯೂ ಎದ್ದಳು.

ಮರುದಿನದಿಂದ ಬೋಬೆ ಮೇಜಿಗೆ ಬರಲಿಲ್ಲ. ಕೋಣೆಗೆ ಕಳಿಸಿದ ಬೀಟ್‌ರೂಟ್ ಸಾರು ಕೆನೆಗಟ್ಟಿ ವಾಪಸ್ ಬರುತ್ತಿತ್ತು. ಒಂದು ಲೋಟ ಟೀ, ಒಂದು ಚೂರು ಬ್ರೆಡ್ಡು, ಅಷ್ಟೇ.

"ಬಾಯಿ ಮುಚ್ಚಿಕೊಂಡಿರೋಕೆ ಆಗ್ತಿರಲಿಲ್ವಾ ನಿಮಗೆ?" ಎಂದು ಮಾಲ್ಕಾ ಗಂಡನ ಮೇಲೆ ಹರಿಹಾಯ್ದಳು. "ಮುದುಕಿ ಕಣ್ಣೆದುರಿಗೇ ಒಣಗ್ತಿದ್ದಾರೆ."

"ಎಷ್ಟು ವರ್ಷ ಅಂತ ಮುಚ್ಚಿಕೊಂಡಿರಲಿ? ನನ್ನ ತಮ್ಮ ಅಲ್ವಾ ಅವನು?"

"ಹಾಗಂತ ಅವರಿಗೆ ಹೋಗಿ ಹೇಳಿ. ನನ್ನ ಹತ್ರ ಕೂಗಾಡಬೇಡಿ."

ಹೀಗೆ ಎರಡು ವಾರ. ಮೂರನೆಯ ಶುಕ್ರವಾರ ಸಂಜೆ, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ದೀಪ ಹಚ್ಚುವುದಕ್ಕೆಂದು ಬೋಬೆ ಗೋಡೆ ಹಿಡಿದುಕೊಂಡು ಮೇಜಿಗೆ ಬಂದಳು. ಜಡೆಯಂತೆ ಹೆಣೆದ ಬ್ರೆಡ್ಡು ಮುರಿದದ್ದಾಯಿತು. ಅಪ್ಪ ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಬೋಬೆಯ ದವಡೆ ಬಿಗಿಯುತ್ತಿತ್ತು. ಇನ್ನೇನು ಜಗಳ ಹೊತ್ತಿಕೊಳ್ಳುತ್ತದೆ ಎನ್ನುವಾಗ ಬ್ಲೂಮಾಳ ಬಾಯಿಂದ ಮಾತು ತಾನಾಗಿ ಜಾರಿತು.

"ಬಂದರಲ್ಲಿ ಒಬ್ಬರು ಹಡಗಿಂದ ಇಳಿದ್ರಂತೆ. ಪ್ಯಾಂಟು ಹೊಲಿಯೋ ಲೇಝರ್ ಮನೆ ಎಲ್ಲಿ ಅಂತ ಕೇಳ್ತಿದ್ರಂತೆ."

ಮೂವರೂ ಅವಳತ್ತ ತಿರುಗಿದರು.

"ಅವರ ಎಡಗೈ ಕಿರುಬೆರಳಿಗೆ ತುದಿ ಇರಲಿಲ್ವಂತೆ."

ಒಂಬತ್ತು ವರ್ಷದವನಾಗಿದ್ದಾಗ ಹೆರ್ಶ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಬೆರಳು ಕೊಟ್ಟ ಕಥೆಯನ್ನು ಬೋಬೆಯೇ ಅವಳಿಗೆ ತಲೆ ಬಾಚುತ್ತಾ ಹೇಳಿದ್ದಳು. ಬೋಬೆಯ ಕೈಯಲ್ಲಿದ್ದ ಬ್ರೆಡ್ಡು ಮೇಜಿನ ಮೇಲೆ ಬಿತ್ತು.

"ಯಾರು ಹೇಳಿದ್ರೇ ನಿನಗೆ?" ಎಂದ ಅಪ್ಪ.

"ನೀಲ್ದಾ. ಅವಳ ಅಪ್ಪ ನೋಡಿದ್ರಂತೆ."

ನೀಲ್ದಾಳ ಅಪ್ಪ ದೋನ್ ರಮೀರೋ ಬಂದರಿನ ಹೂಳೆತ್ತುವ ದೋಣಿಯಲ್ಲಿ ಕೆಲಸಗಾರ. ಹೋದರೆ ನಾಲ್ಕು ವಾರ ಮನೆ ಕಡೆ ಮುಖ ಹಾಕುತ್ತಿರಲಿಲ್ಲ, ಈ ಸಲ ಹೋಗಿ ಎರಡೇ ದಿನವಾಗಿತ್ತು. ಬ್ಲೂಮಾಗೆ ಅದು ಗೊತ್ತಿತ್ತು.

ಬೋಬೆ ಆ ದಿನ ಎರಡು ಬಟ್ಟಲು ಸಾರು ಕುಡಿದಳು.

ಭಾನುವಾರ ಬೆಳಗ್ಗೆ ಲೇಝರ್ ಮಗಳ ಕೈ ಹಿಡಿದು ಪಕ್ಕದ ಮನೆಗೆ ಹೋದ. ನೀಲ್ದಾಳ ಅಮ್ಮ ದೋನ್ಯಾ ಎಲ್ವೀರಾ ಅಂಗಳದಲ್ಲಿ ಬಟ್ಟೆ ಉಜ್ಜುತ್ತಿದ್ದಳು. "ನನಗೇನೂ ಹೇಳಲಿಲ್ಲಪ್ಪ ನಮ್ಮವರು. ನೀಲ್ದಾ! ಬಾ ಇಲ್ಲಿ!"

ನೀಲ್ದಾ ಬಂದಳು. ಲೇಝರ್ ಕೇಳಿದ್ದನ್ನು ಕೇಳಿಸಿಕೊಂಡಳು. ಬ್ಲೂಮಾಳ ಮುಖ ನೋಡಿದಳು. "ಹೂಂ, ಅಪ್ಪ ಹೊರಡೋ ದಿನ ನನಗೆ ಮಾತ್ರ ಹೇಳಿದ್ರು" ಎಂದಳು. "ತೆಳ್ಳಗಿದ್ರಂತೆ. ಕಂದು ಕೋಟಂತೆ. ವಿಳಾಸ ಸಿಗಲಿಲ್ಲ ಅಂತ ಪೈಸಾಂದೂ ಊರಿನ ರೈಲು ಹತ್ತಿದ್ರಂತೆ. ಅಲ್ಲಿ ಮಾಂಸದ ಕಾರ್ಖಾನೇಲಿ ಕೆಲಸ ಸಿಗುತ್ತಲ್ಲ, ಅದಕ್ಕೆ."

ಲೇಝರ್ ಅವಳ ತಲೆ ಸವರಿ ಹೋದ. ಹುಡುಗಿಯರಿಬ್ಬರೂ ತಾರಸಿಗೆ ಓಡಿದರು.

"ಯಾಕೆ ಹಾಗೆ ಹೇಳ್ದೆ ನೀಲ್ದಾ?"

"ನಿನ್ನ ಮುಖ ಸುಣ್ಣ ಬಳಿದ ಹಾಗಾಗಿತ್ತು. ಇನ್ನೇನು ಹೇಳ್ಲಿ?" ನೀಲ್ದಾ ನಗಲಿಲ್ಲ. "ಆದ್ರೆ ಕೇಳು. ನನ್ನ ಬುರುಡೆ ಈ ಗೋಡೆ ದಾಟಲ್ಲ. ನಿಂದು ರೈಲು ಹತ್ತಿಬಿಡುತ್ತೆ. ಹೋಗಿ ನಿಜ ಹೇಳ್ಬಿಡು."

"ನಾಳೆ ಹೇಳ್ತೀನಿ."

ನಾಳೆ ಹೇಳಲಿಲ್ಲ. ನಾಳೆ ಬೋಬೆ ಸೊಂಟಕ್ಕೆ ಏಪ್ರನ್ ಕಟ್ಟಿ ಒಲೆ ಮುಂದೆ ನಿಂತಿದ್ದಳು. ಮಾಲ್ಕಾಳನ್ನು ಪಕ್ಕಕ್ಕೆ ಸರಿಸಿ, "ಈರುಳ್ಳಿ ಹೀಗಾ ಹುರಿಯೋದು? ಹೆರ್ಶನಿಗೆ ಕಪ್ಪಾದ್ರೆ ಸೇರಲ್ಲ" ಎಂದು ಬೈದಳು. ಬೈಸಿಕೊಂಡ ಮಾಲ್ಕಾ ಗಂಡನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಮಂಗಳವಾರ ಹಿಂದಿನ ಕೋಣೆಯ ಪೆಟ್ಟಿಗೆಗಳು ಹೊರಬಂದು ಇನ್ನೊಂದು ಮಂಚ ಒಳಗೆ ಹೋಯಿತು. ಬುಧವಾರ ಬೋಬೆ ಬೂದುಬಣ್ಣದ ಉಣ್ಣೆ ಕೊಂಡು ತಂದು ಸ್ವೆಟರ್ ಶುರುಮಾಡಿದಳು. "ಬಾರೇ, ನಿನ್ನ ಚಿಕ್ಕಪ್ಪನ ಭುಜ ಎಷ್ಟಗಲ ಇರಬಹುದು ಹೇಳು" ಎಂದು ಬ್ಲೂಮಾಳ ಬೆನ್ನಿಗೆ ಅಳತೆ ಹಿಡಿದಳು.

ಆಲೂಗಡ್ಡೆ ರೊಟ್ಟಿ, ಹತ್ತಿಯಂತೆ ಮೆತ್ತಗಿನ ಮೀನಿನ ಉಂಡೆ, ಸೇಬಿನ ಕಜ್ಜಾಯ. ಒಂದು ವರ್ಷದಲ್ಲಿ ಆಗದ ಅಡುಗೆ ಆ ಎರಡು ವಾರದಲ್ಲಿ ಆಯಿತು. ಬ್ಲೂಮಾಗೆ ಒಂದು ತುತ್ತೂ ಇಳಿಯುತ್ತಿರಲಿಲ್ಲ.

"ಏನಾಯ್ತೇ ನಿನಗೆ? ಮನೇಲಿ ಎಲ್ಲರೂ ತಿನ್ನೋಕೆ ಶುರುಮಾಡಿದ ಮೇಲೆ ನೀನು ಬಿಟ್ಟೆಯಾ?" ಎಂದಳು ಅಮ್ಮ.

ಲೇಝರ್ ಹೊಲಿಗೆ ಬಿಟ್ಟು ಪೈಸಾಂದೂಗೆ ಹೋದ. ಮೂರು ದಿನ ಅಲೆದು, ಕಾರ್ಖಾನೆಯ ಬಾಗಿಲಲ್ಲಿ ಒಳಗೆ ಹೋಗುವವರ, ಹೊರಗೆ ಬರುವವರ ಎಡಗೈಗಳನ್ನೇ ನೋಡುತ್ತಾ ನಿಂತು, ಬರಿಗೈಯಲ್ಲಿ ಬಂದ. ಅಷ್ಟರಲ್ಲಿ ಅಂಗಡಿಯವನು ಕತ್ತರಿಸಿಟ್ಟ ಬಟ್ಟೆಯನ್ನೆಲ್ಲ ಬೇರೆ ದರ್ಜಿಗೆ ಕೊಟ್ಟಾಗಿತ್ತು.

"ಬೇರೆ ಊರಿಗೆ ಹೋಗಿರ್ತಾನೆ. ಅವನ ಕಾಲು ಒಂದು ಕಡೆ ನಿಲ್ಲಲ್ಲ" ಎಂದು ಬೋಬೆ ಸ್ವೆಟರಿನ ತೋಳಿಗೆ ಕೈಹಾಕಿದಳು.

ಸೆಪ್ಟೆಂಬರ್ ಮಧ್ಯದಲ್ಲಿ ದೋನ್ ರಮೀರೋ ಮನೆಗೆ ಬಂದ. ಅವನು ಹೆಗಲ ಚೀಲ ಇಳಿಸುವ ಮೊದಲೇ ಲೇಝರ್ ಅಂಗಳದಲ್ಲಿದ್ದ.

"ದೋನ್ ರಮೀರೋ, ನೀವು ನೋಡಿದಿರಂತಲ್ಲ, ಬೆರಳಿಲ್ಲದವನು, ಎಷ್ಟನೇ ತಾರೀಖು, ಯಾವ ಹಡಗು?"

"ಯಾರು? ನಾನಾ? ನಾನು ಯಾರನ್ನೂ ನೋಡಲಿಲ್ವಲ್ಲ ಸ್ವಾಮಿ."

ಲೇಝರ್ ಮತ್ತೆ ಹೇಳಿದ. ಕಂದು ಕೋಟು, ರೈಲು. ರಮೀರೋನ ಮುಖ ನಿಧಾನವಾಗಿ ಕೆಂಪೇರಿತು. ನೀಲ್ದಾಳನ್ನು ಕರೆದ.

ಎರಡು ಮನೆಗಳ ಅಂಗಳದ ನಡುವಿನ ಬಾಗಿಲಲ್ಲಿ ಬ್ಲೂಮಾ ನಿಂತಿದ್ದಳು. ಅವಳ ಹಿಂದೆ ಅಮ್ಮ. ಕಿಟಕಿಯಲ್ಲಿ ಬೋಬೆ.

"ನಾನು ಹೇಳಿದ್ನೇನೇ ನಿನಗೆ?"

"ಇಲ್ಲ."

"ಮತ್ತೆ ಯಾರು ಹೇಳಿದ್ರು?"

ನೀಲ್ದಾ ಬ್ಲೂಮಾಳತ್ತ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಬೇಡಿಕೆಯೂ ಇರಲಿಲ್ಲ. ಈಗ ನಿನ್ನ ಸರದಿ ಎಂಬಂತೆ ಕಾಯುತ್ತಿದ್ದಳು, ಅಷ್ಟೇ. ಬ್ಲೂಮಾ ತನ್ನ ಚಪ್ಪಲಿಯ ಬಾರು ನೋಡಿಕೊಂಡಳು.

"ಯಾರೂ ಇಲ್ಲ. ನಾನೇ ಬಿಟ್ಟ ಬುರುಡೆ" ಎಂದಳು ನೀಲ್ದಾ.

ರಮೀರೋ ಬೆಲ್ಟು ಬಿಚ್ಚಿದ. ಎಲ್ವೀರಾ ಅಡ್ಡ ಬಂದರೂ ಕೇಳಲಿಲ್ಲ. "ಸತ್ತೋರ ವಿಷಯದಲ್ಲೂ ಬುರುಡೆಯಾ? ಒಬ್ಬ ತಾಯಿ ಹತ್ರ ಬುರುಡೆಯಾ?" ಎಂದು ಕೂಗುತ್ತಾ ಹೊಡೆದ. ನೀಲ್ದಾ ಅಳುವುದು ಬ್ಲೂಮಾ ಕೇಳಿದ್ದು ಅದೇ ಮೊದಲು. ಕಿಟಕಿಯಿಂದ ಬೋಬೆ ತನ್ನ ಯಿದ್ದಿಶ್ ಭಾಷೆಯಲ್ಲಿ, "ಅವಳ ನಾಲಿಗೆ ಒಣಗಿ ಉದುರಿಹೋಗಲಿ" ಎಂದು ಶಪಿಸಿ ಪರದೆ ಎಳೆದಳು.

ಅಮ್ಮ ಬ್ಲೂಮಾಳನ್ನು ಎದೆಗೊತ್ತಿಕೊಂಡು ಒಳಗೆ ಕರೆದೊಯ್ದಳು. "ಪಾಪ, ನನ್ನ ಕೂಸು, ಆ ಮಾಯಗಾತಿಯನ್ನ ನಂಬಿಬಿಡ್ತು."

ಅದಾದ ಮೇಲೆ ನೀಲ್ದಾ ತಾರಸಿಗೆ ಬರಲಿಲ್ಲ. ಶಾಲೆಯಲ್ಲಿ ಬೇರೆ ಬೆಂಚಿಗೆ ಹೋದಳು. ಶಾಲೆಯ ಬಿಳಿ ನಿಲುವಂಗಿ ತೊಟ್ಟ ಹುಡುಗಿಯರೆಲ್ಲ "ಬುರುಡೆ ನೀಲ್ದಾ" ಎಂದು ಹಿಂದಿನಿಂದ ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಬೀದಿಯಲ್ಲಿ ಅವಳು ಎದುರಾದರೆ ಬೋಬೆ ಪಕ್ಕಕ್ಕೆ ಉಗುಳುತ್ತಿದ್ದಳು. ಮನೆಯಲ್ಲಿ ಮತ್ತೆ ಸಪ್ಪೆ ಸಾರು, ಮತ್ತೆ ಮೌನ. ಮಂಚ ಮಾತ್ರ ಹಾಗೇ ಉಳಿಯಿತು. ಅದರ ಮೇಲೆ ಒಂದು ತೋಳಿನ ಸ್ವೆಟರ್.

ಮಲಗುವ ಮುಂಚೆ ಪ್ರತಿದಿನ ಬ್ಲೂಮಾ ಅಂದುಕೊಳ್ಳುತ್ತಿದ್ದಳು, ಬೆಳಗಾಗಲಿ, ಹೇಳ್ತೀನಿ. ಬೆಳಗಾದರೆ ಅಮ್ಮ ಅವಳ ಬಟ್ಟಲಿಗೆ ಒಂದು ಚಮಚ ಜಾಸ್ತಿ ಕೆನೆ ಹಾಕುತ್ತಿದ್ದಳು, ಪಾಪದ ಕೂಸಿಗೆ.

ಯೋಮ್ ಕಿಪ್ಪುರ್ ಉಪವಾಸಕ್ಕೆ ನಾಲ್ಕು ದಿನವಿತ್ತು. ಆ ದಿನಗಳಲ್ಲಿ ಎಲ್ಲರೂ ಎಲ್ಲರ ಮನೆಗೆ ಹೋಗಿ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುವುದು ರೂಢಿ. ಬೋಬೆ ಅಂಗಳದಲ್ಲಿ ಕೂತು ಕೋಳಿಯ ಗರಿ ಕೀಳುತ್ತಿದ್ದಳು, ಬ್ಲೂಮಾ ಗರಿ ಆರಿಸಿ ಚೀಲಕ್ಕೆ ತುಂಬುತ್ತಿದ್ದಳು.

"ಕಸಾಯಿಯವನ ಹೆಂಡತಿಯ ಹತ್ರಾನೂ ಕ್ಷಮೆ ಕೇಳಿ ಬಂದೆ. ಅವಳೇ ನನಗೆ ಮೋಸ ಮಾಡಿದ್ದು, ಆದ್ರೂ ಕೇಳಿದೆ" ಎಂದಳು ಬೋಬೆ. "ಆ ಪಕ್ಕದ ಮನೆ ಹುಡುಗಿ ಒಬ್ಬಳನ್ನ ಮಾತ್ರ ನಾನು ಕ್ಷಮಿಸಲ್ಲ. ದೇವರು ಬೇಕಾದ್ರೆ ಅದಕ್ಕೂ ನನ್ನನ್ನ ಲೆಕ್ಕ ಕೇಳಲಿ."

"ಬೋಬೆ, ಅವಳಲ್ಲ. ನಾನು."

ಬೋಬೆಯ ಕೈ ನಿಲ್ಲಲಿಲ್ಲ. ಎರಡು ಗರಿ ಕಿತ್ತಳು, ಮೂರನೆಯದು ಕಿತ್ತಳು.

"ನೀನು ಏನು?"

"ಚಿಕ್ಕಪ್ಪ ಬಂದ್ರು ಅಂತ ಹೇಳಿದ್ದು ನಾನೇ. ಅವಳಿಗೆ ಏನೂ ಗೊತ್ತಿರಲಿಲ್ಲ. ನೀವು ಊಟ ಬಿಟ್ಟಿದ್ರಿ... ಅಪ್ಪ ಅಮ್ಮ ದಿನಾ ಜಗಳ... ಅವಳ ಹೆಸರು ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ..."

ಬೋಬೆ ಕೋಳಿಯನ್ನು ಬಕೆಟ್ಟಿನ ಮೇಲಿಟ್ಟಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಬ್ಲೂಮಾ ಕಣ್ಣು ಮುಚ್ಚಿದಳು. ಹೊಡೆದರೆ ಸಾಕೆನಿಸಿತ್ತು.

"ಬೆರಳಿನ ವಿಷಯ ಆ ಹುಡುಗಿಗೆ ಯಾರು ಹೇಳಿದ್ರು ಅಂತ ಒಂದು ಸಲ ಯೋಚನೆ ಮಾಡಬೇಕಿತ್ತು ನಾನು" ಎಂದಳು ಬೋಬೆ ಕೊನೆಗೆ. "ಮಾಡಲಿಲ್ಲ. ಮಾಡೋಕೆ ಇಷ್ಟ ಇರಲಿಲ್ಲ." ಆಮೇಲೆ, "ಬೆಲ್ಟಲ್ಲಿ ಹೊಡೀವಾಗ ನೀನು ಬಾಗಿಲಲ್ಲೇ ನಿಂತಿದ್ದೆ ಅಲ್ವಾ?"

"ಹೂಂ."

"ನಾನು ಕಿಟಕೀಲಿದ್ದೆ." ಬೋಬೆ ಕೈಗಂಟಿದ ಗರಿ ಒರೆಸಿಕೊಂಡು ಎದ್ದಳು. "ಏಳು. ನಡಿ. ದೇವರ ಹತ್ರ ಅತ್ತು ಕರೆದ್ರೆ ದೇವರಿಗೆ ಮಾಡಿದ ತಪ್ಪು ಹೋಗುತ್ತೆ. ಅವಳಿಗೆ ಮಾಡಿದ್ದು ಅವಳ ಹತ್ರಾನೇ ಹೋಗಬೇಕು. ಒಲ್ಲೆ ಅಂದ್ರೆ ಮತ್ತೆ ಹೋಗಬೇಕು. ಮೂರು ಸಲ."

ಶಾಲು ಹೊದ್ದು ಬೋಬೆ ಮುಂದೆ ನಡೆದಳು. ಹನ್ನೊಂದು ವರ್ಷದಲ್ಲಿ ಅವಳು ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಎಲ್ವೀರಾ ಗಾಬರಿಯಾಗಿ ಕುರ್ಚಿ ಒರೆಸಿದಳು. ಬೋಬೆ ಕೂರಲಿಲ್ಲ. ನೀಲ್ದಾಳ ಎದುರು ನಿಂತು, ಬಾರದ ಸ್ಪ್ಯಾನಿಷಿನಲ್ಲಿ, "ನಾನು ನಿನಗೆ ಕೆಟ್ಟ ಮಾತು. ತಪ್ಪು ನನ್ನದು. ಕ್ಷಮಿಸು" ಎಂದಳು.

"ಪರವಾಗಿಲ್ಲ ಅಜ್ಜಿ" ಎಂದಳು ನೀಲ್ದಾ, ತಕ್ಷಣ.

ಬ್ಲೂಮಾ ಮುಂದೆ ಬಂದಳು. "ನನ್ನನ್ನೂ..."

"ಇಲ್ಲ" ಎಂದಳು ನೀಲ್ದಾ.

ಮನೆಗೆ ಬಂದು ಬ್ಲೂಮಾ ಅಪ್ಪ ಅಮ್ಮನಿಗೂ ಹೇಳಿದಳು. "ಇಷ್ಟು ದಿನ ನನ್ನ ಕೈಯಲ್ಲಿ ಮುದ್ದು ಮಾಡಿಸಿಕೊಂಡೆಯಲ್ಲೇ, ನಾಚಿಕೆ ಆಗಲಿಲ್ವಾ!" ಎಂದು ಅಮ್ಮ ಕೆನ್ನೆಗೆ ಬಾರಿಸಿದಳು. ಅಪ್ಪ ಮಿಷನ್ನಿನ ಮುಂದೆ ಕೂತ. ಆ ದಿನ ಹೊಲಿದ ಎರಡು ಪ್ಯಾಂಟಿನ ಹೊಲಿಗೆಯನ್ನೂ ಬಿಚ್ಚಬೇಕಾಯಿತು.

ಮರುದಿನ ಬ್ಲೂಮಾ ಶಾಲೆಯ ಬಾಗಿಲಲ್ಲಿ ಎರಡನೆಯ ಸಲ ಕೇಳಿದಳು. ನೀಲ್ದಾ ಕೇಳಿಸಿಕೊಳ್ಳದವಳಂತೆ ಹೋದಳು. ಮೂರನೆಯ ಸಲ, ಉಪವಾಸದ ಹಿಂದಿನ ಮಧ್ಯಾಹ್ನ, ಬ್ಲೂಮಾ ಮೋಟುಗೋಡೆ ಹತ್ತಿ ಆ ಕಡೆಗೆ ಇಳಿದಳು. ನೀಲ್ದಾ ನೀರಿನ ತೊಟ್ಟಿಯ ಹತ್ತಿರ ಕೂತಿದ್ದಳು.

"ಇದು ಕೊನೇ ಸಲ. ಆಮೇಲೆ ಕೇಳಲ್ಲ" ಎಂದಳು ಬ್ಲೂಮಾ.

"ನಿಮ್ಮಜ್ಜಿಗೆ ಹೇಳಿದ್ದೀಯ, ನಿಮ್ಮಮ್ಮನಿಗೆ ಹೇಳಿದ್ದೀಯ. ನಮ್ಮಪ್ಪನಿಗೆ ಹೇಳಿದ್ದೀಯಾ?"

ಬ್ಲೂಮಾ ಮೆಟ್ಟಿಲ ಕಡೆ ನೋಡಿದಳು.

"ನಮ್ಮಮ್ಮ ಹೇಳ್ತೀನಿ ಅಂದ್ಳು. ನಾನೇ ಬೇಡ ಅಂದೆ. ಅಪ್ಪ ಇನ್ನೂ ನನ್ನ ಜೊತೆ ಮಾತಾಡ್ತಿಲ್ಲ. ಕೆಳಗಿದ್ದಾರೆ, ಹೋಗು."

ರಮೀರೋ ಅಂಗಳದಲ್ಲಿ ಕನ್ನಡಿ ತೂಗುಹಾಕಿ ಗಡ್ಡ ಹೆರೆಯುತ್ತಿದ್ದ. ಬ್ಲೂಮಾ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವನ ಮುಖದ ಅರ್ಧಕ್ಕೆ ಇನ್ನೂ ಸೋಪಿನ ನೊರೆಯಿತ್ತು. ಕತ್ತಿ ಕೆಳಗಿಟ್ಟು ಅವಳ ಕಡೆ ತಿರುಗಿದ.

"ಬುರುಡೆ ನಿನ್ನದು. ಹೊಡೆತ ನನ್ನದು" ಎಂದ. "ನೀನು ಬಂದು ಹೇಳಿ ಹಗುರಾದೆ. ನಾನು ಹೊಡೆದದ್ದನ್ನ ಎಲ್ಲಿ ಹಾಕಲಿ ಹೇಳು ಮಗಳೇ?"

ಅವನು ನೊರೆಯನ್ನು ಟವೆಲ್ಲಿನಿಂದ ಒರೆಸಿಕೊಂಡು ಮೆಟ್ಟಿಲು ಹತ್ತಿ ತಾರಸಿಗೆ ಹೋದ. ಮೇಲೆ ಅಪ್ಪ ಮಗಳು ಏನು ಮಾತಾಡಿದರೋ ಕೆಳಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀಲ್ದಾ ತಾರಸಿಯ ಅಂಚಿನಿಂದ ಕೆಳಗೆ ಬಗ್ಗಿ, "ಆಯ್ತು, ಕ್ಷಮಿಸಿದ್ದೀನಿ. ಮನೆಗೆ ಹೋಗು" ಎಂದಳು.

ಉಪವಾಸಕ್ಕೆ ಮುಂಚಿನ ಊಟ ಹೊತ್ತಿರುವಾಗಲೇ ಆಯಿತು. ಕೋಳಿ ಸಾರು, ಅದರಲ್ಲಿ ಮಾಂಸ ತುಂಬಿದ ಸಣ್ಣ ಕಡುಬು. ಬೋಬೆ ಎಲ್ಲರಿಗೂ ತಾನೇ ಬಡಿಸಿದಳು. ಕೂರದೆ ಮಗನ ಕುರ್ಚಿಯ ಪಕ್ಕ ನಿಂತಳು.

"ಲೇಝರ್, ನಿನ್ನ ಹತ್ರಾನೂ ಒಂದು ಕೇಳೋದಿದೆ."

"ಊಟ ಮಾಡು ಅಮ್ಮಾ. ಏನು ತಪ್ಪು ನಿಂದು?"

"ಕೇಳು. 'ಮುಂದಿನ ವರ್ಷ ತಮ್ಮ' ಅಂತ ನೀನು ಬರೆದಿದ್ದೆಯಲ್ಲ, ಆ ಕಾಗದಾನ ಹೆರ್ಶನಿಗೆ ಓದಿ ಹೇಳಿದಾಗ ಅವನು ನಕ್ಕ. 'ನಾನು ಈ ವರ್ಷಾನೂ ಬರಲ್ಲ, ಮುಂದಿನ ವರ್ಷಾನೂ ಬರಲ್ಲ ಅಮ್ಮಾ, ನನಗಿಲ್ಲಿ ಹುಡುಗಿ ಇದ್ದಾಳೆ' ಅಂದ. ನಾನು ಕಾಲು ಹಿಡಿದೆ. ಬರಲಿಲ್ಲ." ಬೋಬೆ ಮೇಜಿನ ಅಂಚು ಹಿಡಿದುಕೊಂಡಳು. "ಅವನು ಅಲ್ಲೇ ಉಳಿದಿದ್ದು ನಿನ್ನಿಂದಲ್ಲ. ನಿನ್ನ ಮೇಲೆ ಹಾಕಿದ್ರೆ ನನಗೆ ಸುಲಭವಾಗ್ತಿತ್ತು, ಹಾಕಿದೆ."

ಲೇಝರನ ಚಮಚ ಬಟ್ಟಲಲ್ಲೇ ನಿಂತಿತು. ಮಾಲ್ಕಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಹನ್ನೊಂದು ವರ್ಷ, ಅಮ್ಮಾ" ಎಂದ ಅವನು. ಧ್ವನಿ ಏರಲಿಲ್ಲ. "ನಾನು ಒಂದು ದಿನಾನೂ ಸರಿಯಾಗಿ ನಿದ್ದೆ ಮಾಡಿಲ್ಲ. ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅವನು ಎದ್ದು ಹೊಲಿಗೆ ಕೋಣೆಗೆ ಹೋದ. ಮಿಷನ್ನಿನ ಸದ್ದು ಬರಲಿಲ್ಲ. ಸಾರು ಆರಿತು. ಹೊರಗೆ ಬಿಸಿಲು ಎದುರುಮನೆಯ ಮಾಡಿನವರೆಗೆ ಏರಿತ್ತು. ಇನ್ನು ಅರ್ಧ ಗಂಟೆಯಲ್ಲಿ ಪ್ರಾರ್ಥನೆಗೆ ಸಿನಗಾಗಿಗೆ ಹೊರಡಬೇಕು. ಬ್ಲೂಮಾ ಬೋಬೆಯ ಕೈ ಹಿಡಿದಳು. ಅದು ತಣ್ಣಗಿತ್ತು.

ಲೇಝರ್ ಒಂದು ಮೇಣದ ದೀಪ ಹಿಡಿದು ವಾಪಸ್ ಬಂದ. ಇಡೀ ಒಂದು ದಿನ ಉರಿಯುವಂಥ, ಗಾಜಿನ ಲೋಟದಲ್ಲಿ ತುಂಬಿದ ದೀಪ. ಅದನ್ನು ತಾಯಿಯ ಮುಂದಿಟ್ಟು ಬೆಂಕಿಪೊಟ್ಟಣ ಕೊಟ್ಟ. ಬೋಬೆ ಕಡ್ಡಿ ಗೀರಿದಳು, ಮುರಿಯಿತು. ಇನ್ನೊಂದು ಗೀರಿದಳು. ಬೆಂಕಿ ಬತ್ತಿಗೆ ತಾಗಲಿಲ್ಲ. ಲೇಝರ್ ಅವಳ ಮಣಿಕಟ್ಟು ಹಿಡಿದ. ದೀಪ ಹತ್ತಿತು.

"ಹೆರ್ಶ್" ಎಂದಳು ಬೋಬೆ, ಅಷ್ಟೇ.

ತಾನು ಸತ್ಯ ಹೇಳಿ ಚಿಕ್ಕಪ್ಪನನ್ನು ಸಾಯಿಸಿದೆ ಎಂದು ಬ್ಲೂಮಾಗೆ ಅನಿಸಿತು. ಹಾಗಲ್ಲ ಎಂದು ಅವಳಿಗೆ ಹೇಳುವಷ್ಟು ಪುರುಸೊತ್ತು ಆ ಸಂಜೆ ಯಾರಿಗೂ ಇರಲಿಲ್ಲ. ಉಪವಾಸದ ದಿನ ಚರ್ಮ ಮೆಟ್ಟಬಾರದೆಂದು ಎಲ್ಲರೂ ಬಟ್ಟೆಯ ಚಪ್ಪಲಿ ಮೆಟ್ಟಿ ಹೊರಟರು. ಮರುದಿನ ಸಿನಗಾಗಿನಲ್ಲಿ, ಹೆಂಗಸರ ಅಟ್ಟದ ಕಟಕಟೆಯಿಂದ ಅವಳು ಕೆಳಗೆ ನೋಡಿದಳು. ಅಪ್ಪ ಎದ್ದು ನಿಂತು ಕಾಡಿಶ್ ಹೇಳುತ್ತಿದ್ದ. ನಡುವೆ ಒಂದು ಸಲ ತಡವರಿಸಿದ. ಪಕ್ಕದವನು ಮುಂದಿನ ಪದ ಹೇಳಿಕೊಟ್ಟ.

ಉಪವಾಸ ಕಳೆದ ಮೂರನೆಯ ದಿನ ಸಂಜೆ ಬ್ಲೂಮಾ ತಾರಸಿಗೆ ಹೋದಾಗ ನೀಲ್ದಾ ಹಗ್ಗದ ಮೇಲಿಂದ ಹಾಸಿಗೆಯ ಚಾದರ ತೆಗೆಯುತ್ತಿದ್ದಳು. ಗಾಳಿಗೆ ಚಾದರ ಸಿಕ್ಕುತ್ತಿರಲಿಲ್ಲ. ಬ್ಲೂಮಾ ಗೋಡೆ ದಾಟಿ ಹೋಗಿ ಇನ್ನೊಂದು ತುದಿ ಹಿಡಿದಳು. ನೀಲ್ದಾ ಬೇಡವೆನ್ನಲಿಲ್ಲ. ಇಬ್ಬರೂ ಎಳೆದು, ಕೊಡವಿ, ಮಡಿಚಿ, ಹತ್ತಿರ ಬಂದು ತುದಿ ಸೇರಿಸಿದರು.

"ನಿಮ್ಮ ಮಾವ ಏನು ಮಾಡ್ತಿದ್ದಾರೆ?" ಎಂದಳು ಬ್ಲೂಮಾ, ಆಸೆಯಿಂದ.

"ಮಿನಾಸ್ ಊರಲ್ಲಿದ್ದಾರೆ. ಕಲ್ಲು ಒಡೆಯೋ ಕೆಲಸ. ಬೆನ್ನುನೋವು."

"ಆಮೇಲೆ?"

"ಆಮೇಲೆ ಏನೂ ಇಲ್ಲ."

ನೀಲ್ದಾ ಮುಂದಿನ ಚಾದರದ ಎರಡು ತುದಿ ಅವಳ ಕೈಗೆ ಕೊಟ್ಟಳು. ಬ್ಲೂಮಾ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಕಾದಳು. ಇವತ್ತು ಮನೆಯಲ್ಲಿ ಬೇಳೆ ಬೇಯಿಸಿದ್ದಾರೆ ಎಂದಳು ನೀಲ್ದಾ. ನಾಳೆ ಲೆಕ್ಕದ ಪರೀಕ್ಷೆ ಎಂದಳು. ಅಪ್ಪ ಸೋಮವಾರ ದೋಣಿಗೆ ಹೋಗುತ್ತಾರೆ ಎಂದಳು. ಎಲ್ಲವೂ ನಿಜವೇ ಆಗಿತ್ತು.